ಹಳದಿ ದೀಪದ ಮೂರು ಸೆಕೆಂಡು: ನಿಲ್ಲುವುದೋ, ನುಗ್ಗುವುದೋ?

ನಗರದ ಯಾವುದೇ ದೊಡ್ಡ ವೃತ್ತದ ಬಳಿ ಹತ್ತು ನಿಮಿಷ ನಿಂತು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೆಂಪು ದೀಪದ ಅರ್ಥದ ಬಗ್ಗೆ ಯಾರಿಗೂ ಗೊಂದಲವಿಲ್ಲ. ಹಸಿರಿನ ಬಗ್ಗೆಯೂ ಇಲ್ಲ. ಅವೆರಡರ ನಡುವೆ ಕ್ಷಣಕಾಲ ಬೆಳಗಿ ಆರುವ ಹಳದಿ ದೀಪಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಭಾಷ್ಯ. ಕಾರಿನವನು ಬ್ರೇಕ್ ಒತ್ತುತ್ತಾನೆ, ಅವನ ಹಿಂದಿನ ಟ್ಯಾಕ್ಸಿಯವನು ಹಾರ್ನ್ ಬಾರಿಸುತ್ತಾನೆ, ಪಕ್ಕದ ಸ್ಕೂಟರ್ ಸವಾರ ವೇಗ ಹೆಚ್ಚಿಸುತ್ತಾನೆ, ಬಸ್ಸಿನ ಚಾಲಕ ಇತ್ತ ನಿಲ್ಲಲೂ ಆಗದೆ ಅತ್ತ ದಾಟಲೂ ಆಗದೆ ಜೀಬ್ರಾ ಪಟ್ಟಿಯ ಮೇಲೆ ನಿಂತುಬಿಡುತ್ತಾನೆ. ಅಷ್ಟರಲ್ಲಿ ಅಡ್ಡರಸ್ತೆಯಲ್ಲಿ ಕಾದಿದ್ದವರು ತಮಗೆ ಹಸಿರು ಬರುವ ಮುನ್ನವೇ ಮುಂದಕ್ಕೆ ಸರಿದಿರುತ್ತಾರೆ.

ಇದೆಲ್ಲವನ್ನೂ ‘ಶಿಸ್ತಿಲ್ಲದ ಜನ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ರೂಢಿ. ಶಿಸ್ತಿನ ಕೊರತೆ ಇರುವುದು ನಿಜ. ಆದರೆ ಹಳದಿ ದೀಪದ ವಿಷಯದಲ್ಲಿ ಅದು ಅರ್ಧ ಸತ್ಯ ಮಾತ್ರ. ಉಳಿದರ್ಧ ಅಡಗಿರುವುದು ಒಂದು ಸರಳ ಲೆಕ್ಕದಲ್ಲಿ. ಆ ಲೆಕ್ಕ ತಪ್ಪಿದರೆ, ಕಾನೂನನ್ನು ಅಕ್ಷರಶಃ ಪಾಲಿಸಲು ಸಿದ್ಧನಿರುವ ಚಾಲಕನೂ ಅದನ್ನು ಮುರಿಯದೆ ವೃತ್ತ ದಾಟಲಾರ. ವಿಚಿತ್ರವೆನಿಸಿದರೂ ಇದು ಅರವತ್ತು ವರ್ಷಗಳಿಗೂ ಹಿಂದೆಯೇ ಗಣಿತದ ಮೂಲಕ ಸಿದ್ಧಪಟ್ಟ ಸಂಗತಿ.

ಮೊದಲು ಎರಡೇ ಬಣ್ಣ

ಸಂಚಾರ ದೀಪಗಳು ಹುಟ್ಟಿದಾಗ ಹಳದಿ ಇರಲೇ ಇಲ್ಲ. 1868ರ ಡಿಸೆಂಬರ್‌ನಲ್ಲಿ ಲಂಡನ್ನಿನ ಸಂಸತ್ ಭವನದ ಹೊರಗೆ ನಿಲ್ಲಿಸಿದ ಮೊದಲ ಸಿಗ್ನಲ್ ಕಂಬವನ್ನು ರೂಪಿಸಿದವರು ಜೆ.ಪಿ. ನೈಟ್ ಎಂಬ ರೈಲ್ವೆ ಎಂಜಿನಿಯರ್. ಗ್ಯಾಸ್‌ನಿಂದ ಉರಿಯುತ್ತಿದ್ದ ಕೆಂಪು ಹಾಗೂ ಹಸಿರು ದೀಪಗಳು ಅದರಲ್ಲಿದ್ದವು. ಮರುತಿಂಗಳೇ ಅದು ಸ್ಫೋಟಗೊಂಡು, ನಿರ್ವಹಿಸುತ್ತಿದ್ದ ಪೊಲೀಸ್ ಪೇದೆ ಗಾಯಗೊಂಡ. ಲಂಡನ್ ಆ ಪ್ರಯೋಗವನ್ನು ಕೈಬಿಟ್ಟಿತು. 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ವಿದ್ಯುತ್ ಸಿಗ್ನಲ್ ಬಂತು. ಅದರಲ್ಲೂ ಎರಡೇ ಬಣ್ಣ. ದೀಪ ಬದಲಾಗುವ ಮುನ್ನ ಎಚ್ಚರಿಸಲು ಒಂದು ಗಂಟೆ ಸದ್ದು ಮಾಡುತ್ತಿತ್ತು. ಆ ಸದ್ದಿನ ಕೆಲಸವನ್ನು ಬಣ್ಣಕ್ಕೆ ವಹಿಸಿದವರು ಡೆಟ್ರಾಯಿಟ್‌ನ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್. ನಾಲ್ಕು ದಿಕ್ಕಿಗೂ ಮೂರು ಬಣ್ಣ ತೋರುವ ಕಂಬವನ್ನು ಅವರು 1920ರಲ್ಲಿ ನಿಲ್ಲಿಸಿದರು.

ಹೀಗೆ ಹಳದಿ ಬಂದದ್ದು ಆಜ್ಞೆಯಾಗಿ ಅಲ್ಲ, ಮುನ್ಸೂಚನೆಯಾಗಿ. ‘ಇನ್ನು ಸ್ವಲ್ಪ ಹೊತ್ತಿನಲ್ಲಿ ಕೆಂಪು ಬರಲಿದೆ’ ಎಂಬುದಷ್ಟೇ ಅದರ ಮಾತು. ಆ ‘ಸ್ವಲ್ಪ ಹೊತ್ತು’ ಎಷ್ಟು ಎಂಬ ಪ್ರಶ್ನೆಯನ್ನು ಬಹುಕಾಲ ಯಾರೂ ಗಂಭೀರವಾಗಿ ಕೇಳಿರಲಿಲ್ಲ.

ನಿಲ್ಲಲೂ ಆಗದು, ದಾಟಲೂ ಆಗದು

ಅದನ್ನು ಕೇಳಿದವರು ಡೆನೊಸ್ ಗಾಜಿಸ್, ರಾಬರ್ಟ್ ಹರ್ಮನ್ ಮತ್ತು ಅಲೆಕ್ಸಿ ಮರಾಡುಡಿನ್. ಮೂವರೂ ಜನರಲ್ ಮೋಟಾರ್ಸ್ ಕಂಪನಿಯ ಸಂಶೋಧನಾಲಯದಲ್ಲಿದ್ದವರು. 1960ರಲ್ಲಿ ‘ಆಪರೇಷನ್ಸ್ ರಿಸರ್ಚ್’ ನಿಯತಕಾಲಿಕದಲ್ಲಿ ಪ್ರಕಟವಾದ ಅವರ ಲೇಖನದ ವಿಷಯವೇ ಹಳದಿ ದೀಪದ ಸಮಸ್ಯೆ. ಅವರು ಎತ್ತಿದ ಪ್ರಶ್ನೆ ಸರಳವಾದದ್ದು: ಹಳದಿ ಹೊತ್ತಿದ ಕ್ಷಣದಲ್ಲಿ ಚಾಲಕನಿಗೆ ಎರಡು ದಾರಿಗಳಿವೆ. ಒಂದೋ ಗೆರೆಗೆ ಮುನ್ನ ನಿಲ್ಲಬೇಕು, ಇಲ್ಲವೇ ಕೆಂಪು ಬರುವ ಮುನ್ನ ಗೆರೆ ದಾಟಬೇಕು. ಎರಡೂ ಅಸಾಧ್ಯವಾಗುವ ಜಾಗವೊಂದು ರಸ್ತೆಯಲ್ಲಿ ಇರಬಹುದೇ?

ಇರಬಹುದು ಎಂಬುದು ಉತ್ತರ. ಅದನ್ನು ಅರಿಯಲು ಒಂದು ಕಾರನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ವೃತ್ತದತ್ತ ಓಡಿಸಿ ನೋಡಬಹುದು. ಆ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಹಳದಿ ಕಂಡು, ಮನಸ್ಸು ನಿರ್ಧರಿಸಿ, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಒಂದು ಸೆಕೆಂಡು ಕಳೆಯುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಆ ಒಂದು ಸೆಕೆಂಡಿನಲ್ಲಿ ಕಾರು ಕಿಂಚಿತ್ತೂ ನಿಧಾನವಾಗದೆ 16.7 ಮೀಟರ್ ಸಾಗಿರುತ್ತದೆ. ನಂತರ ಒಳಗಿರುವವರು ಮುಗ್ಗರಿಸದಂತೆ, ಪ್ರತಿ ಸೆಕೆಂಡಿಗೆ ಗಂಟೆಗೆ 11 ಕಿ.ಮೀ.ನಷ್ಟು ವೇಗ ಇಳಿಯುವಂತೆ ಬ್ರೇಕ್ ಹಾಕಿದರೆ, ಕಾರು ಪೂರ್ಣ ನಿಲ್ಲಲು ಇನ್ನೂ 45 ಮೀಟರ್ ಬೇಕು. ಒಟ್ಟು ಸುಮಾರು 62 ಮೀಟರ್.

ಹಳದಿಯ ಅವಧಿ ಮೂರು ಸೆಕೆಂಡು ಎಂದಿಟ್ಟುಕೊಳ್ಳೋಣ. ವೇಗ ತಗ್ಗಿಸದೆ ಹೋದರೆ ಆ ಮೂರು ಸೆಕೆಂಡಿನಲ್ಲಿ ಕಾರು ಸಾಗುವುದು 50 ಮೀಟರ್ ಮಾತ್ರ. ಹಾಗಾದರೆ ಹಳದಿ ಹೊತ್ತಿದಾಗ ಗೆರೆಯಿಂದ 55 ಮೀಟರ್ ದೂರದಲ್ಲಿದ್ದ ಚಾಲಕನ ಗತಿಯೇನು? ನಿಲ್ಲಲು 62 ಮೀಟರ್ ಬೇಕು, ಅವನಿಗಿರುವುದು 55. ದಾಟಬೇಕೆಂದರೆ ಕೆಂಪು ಬರುವ ಹೊತ್ತಿಗೆ ಅವನು ಗೆರೆಯಿಂದ ಇನ್ನೂ ಐದು ಮೀಟರ್ ಹಿಂದಿರುತ್ತಾನೆ. ಅವನು ಮಾಡಿದ ತಪ್ಪೇನೂ ಇಲ್ಲ. ಆದರೂ ಅವನ ಮುಂದಿರುವುದು ಎರಡೇ: ಬ್ರೇಕನ್ನು ಬಲವಾಗಿ ಒತ್ತಿ ಹಿಂದಿನಿಂದ ಗುದ್ದಿಸಿಕೊಳ್ಳುವ ಅಪಾಯ, ಅಥವಾ ಕೆಂಪಿನಲ್ಲಿ ನುಗ್ಗುವ ಅಪರಾಧ. 50ರಿಂದ 62 ಮೀಟರ್‌ವರೆಗಿನ ಈ ತುಂಡು ರಸ್ತೆಗೆ ಸಂಚಾರ ಎಂಜಿನಿಯರುಗಳು ಇಟ್ಟ ಹೆಸರು ‘ಡೈಲೆಮಾ ಝೋನ್’. ಕನ್ನಡದಲ್ಲಿ ಸಂದಿಗ್ಧ ವಲಯ ಎನ್ನಬಹುದು.

ವೇಗ 40 ಕಿ.ಮೀ.ಗೆ ಇಳಿದರೆ ಚಿತ್ರವೇ ಬದಲಾಗುತ್ತದೆ. ಆಗ ನಿಲ್ಲಲು ಬೇಕಾಗುವುದು 31 ಮೀಟರ್. ಮೂರು ಸೆಕೆಂಡಿನಲ್ಲಿ ಸಾಗುವುದು 33 ಮೀಟರ್. ಎಲ್ಲಿದ್ದರೂ ಒಂದಲ್ಲ ಒಂದು ದಾರಿ ತೆರೆದೇ ಇರುತ್ತದೆ, ಸಂದಿಗ್ಧ ವಲಯ ಮಾಯವಾಗುತ್ತದೆ. 80 ಕಿ.ಮೀ. ವೇಗಕ್ಕೆ ಏರಿದರೆ ಅದೇ ಮೂರು ಸೆಕೆಂಡಿನ ಹಳದಿಗೆ ಸಂದಿಗ್ಧ ವಲಯ 36 ಮೀಟರ್‌ಗಳಷ್ಟು ಉದ್ದವಾಗುತ್ತದೆ. ಹೊರವರ್ತುಲ ರಸ್ತೆಗಳಲ್ಲೂ, ಹೆದ್ದಾರಿ ಊರೊಳಗೆ ಹಾಯುವ ಕಡೆಯಲ್ಲೂ ಸಿಗ್ನಲ್ ಬಳಿಯ ಅಪಘಾತಗಳು ಏಕೆ ಅಷ್ಟು ಭೀಕರ ಎಂಬುದಕ್ಕೆ ಈ ಲೆಕ್ಕದಲ್ಲೇ ಒಂದು ಕಾರಣ ಸಿಗುತ್ತದೆ.

ಮೇಲಿನದು ಒಳ್ಳೆಯ ಬ್ರೇಕ್ ಇರುವ ಕಾರಿನ ಲೆಕ್ಕ. ನಿಂತ ಪ್ರಯಾಣಿಕರಿಂದ ತುಂಬಿದ ಬಸ್ಸಿನ ಚಾಲಕ ಅಷ್ಟು ಬಿಗಿಯಾಗಿ ಬ್ರೇಕ್ ಹಾಕಿದರೆ ಒಳಗಿರುವವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಅವನು ಮೂರನೇ ಎರಡರಷ್ಟು ಬಿಗಿಯಲ್ಲಿ ನಿಲ್ಲಿಸುತ್ತಾನೆಂದರೆ, ಬರೀ 40 ಕಿ.ಮೀ. ವೇಗದಲ್ಲೇ ಅವನಿಗೆ 41 ಮೀಟರ್ ಬೇಕು. ಮೂರು ಸೆಕೆಂಡಿನ ಹಳದಿ ಅವನಿಗೆ ಕೊಡುವುದು 33. ಕಾರಿಗಿಲ್ಲದ ಸಂದಿಗ್ಧ ಅದೇ ವೇಗದಲ್ಲಿ, ಅದೇ ರಸ್ತೆಯಲ್ಲಿ ಬಸ್ಸಿಗೆ ಎದುರಾಗುತ್ತದೆ. ಮಳೆಯಲ್ಲಿ ನೆನೆದ ರಸ್ತೆ, ಇಳಿಜಾರು, ಸವೆದ ಟೈರು, ಇಬ್ಬರನ್ನು ಕೂರಿಸಿಕೊಂಡ ಸ್ಕೂಟರ್, ಒಂದು ಸೆಕೆಂಡಿನಲ್ಲಿ ಪ್ರತಿಕ್ರಿಯಿಸಲಾಗದ ವೃದ್ಧ ಚಾಲಕ, ಹೀಗೆ ಪ್ರತಿಯೊಂದೂ ಆ ವಲಯವನ್ನು ಇನ್ನಷ್ಟು ಹಿಗ್ಗಿಸುತ್ತದೆ. ಒಂದೇ ರಸ್ತೆಯಲ್ಲಿ ಹತ್ತು ಬಗೆಯ ವಾಹನಗಳು ಓಡುವ ಭಾರತದಲ್ಲಿ ಒಂದೇ ಹಳದಿ ಎಲ್ಲರಿಗೂ ಒಂದೇ ಮಾತು ಹೇಳುವುದಿಲ್ಲ.

ಬೀವರ್ಟನ್‌ನ ದಂಡದ ಚೀಟಿ

ಮೂವರು ವಿಜ್ಞಾನಿಗಳ ಸೂತ್ರ ಜಗತ್ತಿನ ಸಂಚಾರ ಎಂಜಿನಿಯರಿಂಗ್‌ಗೆ ತಳಹದಿಯಾಯಿತು. ಆದರೆ ಅದರಲ್ಲಿ ಒಂದು ಕೊರತೆ ಉಳಿದಿತ್ತು. ಅದು ಬೆಳಕಿಗೆ ಬಂದದ್ದು ಯಾವುದೇ ವಿಶ್ವವಿದ್ಯಾಲಯದಿಂದಲ್ಲ, ಒಂದು ದಂಡದ ಚೀಟಿಯಿಂದ.

ಅಮೆರಿಕದ ಆರೆಗಾನ್ ರಾಜ್ಯದ ಬೀವರ್ಟನ್ ಪಟ್ಟಣದಲ್ಲಿ ನೆಲೆಸಿದ್ದ ಮ್ಯಾಟ್ಸ್ ಯಾರ್ಲ್‌ಸ್ಟ್ರಾಮ್ ಸ್ವೀಡನ್‌ನಲ್ಲಿ ಎಂಜಿನಿಯರಿಂಗ್ ಓದಿದವರು. 2013ರಲ್ಲಿ ಅವರ ಪತ್ನಿಗೆ ಸಿಗ್ನಲ್ ಕ್ಯಾಮೆರಾದಿಂದ ದಂಡದ ನೋಟಿಸ್ ಬಂತು. ಬಹುತೇಕರು ದಂಡ ಕಟ್ಟಿ ಗೊಣಗಿ ಸುಮ್ಮನಾಗುತ್ತಾರೆ. ಯಾರ್ಲ್‌ಸ್ಟ್ರಾಮ್ ಹಳದಿಯ ಅವಧಿಯನ್ನು ಅಳೆಯಲು ಹೊರಟರು. ಅಲ್ಲಿಂದ ಅದರ ಹಿಂದಿನ ಸೂತ್ರವನ್ನೇ ಪರೀಕ್ಷಿಸಲು ತೊಡಗಿದರು. ಅವರಿಗೆ ಕಂಡ ದೋಷ ಇದು: ಸೂತ್ರವು ವಾಹನ ನೇರವಾಗಿ, ಒಂದೇ ವೇಗದಲ್ಲಿ ವೃತ್ತ ಹಾದುಹೋಗುತ್ತದೆ ಎಂದು ಭಾವಿಸುತ್ತದೆ. ತಿರುವು ತೆಗೆದುಕೊಳ್ಳುವ ವಾಹನ ಹಾಗೆ ಹೋಗಲಾರದು. ಅದು ಗೆರೆ ಸಮೀಪಿಸುತ್ತಲೇ ವೇಗ ತಗ್ಗಿಸಬೇಕು, ಆದ್ದರಿಂದ ಅದಕ್ಕೆ ಹೆಚ್ಚು ಸಮಯ ಬೇಕು. ಎಚ್ಚರಿಕೆಯಿಂದ ನಿಧಾನವಾಗಿ ತಿರುಗುವವನೇ ಕ್ಯಾಮೆರಾ ಕಣ್ಣಿಗೆ ಅಪರಾಧಿಯಾಗುತ್ತಾನೆ.

ಈ ವಾದವನ್ನು ಅವರು ರಾಜ್ಯದ ಎಂಜಿನಿಯರಿಂಗ್ ಮಂಡಳಿಗೂ ಬರೆದು ತಿಳಿಸಿದರು. ಮಂಡಳಿ ಲೆಕ್ಕ ಸರಿಯೇ ತಪ್ಪೇ ಎಂದು ನೋಡುವುದರ ಬದಲು ಬರೆದವನ ಅರ್ಹತೆಯ ತನಿಖೆಗೆ ಇಳಿಯಿತು. ಪರವಾನಗಿ ಇಲ್ಲದೆ ಎಂಜಿನಿಯರಿಂಗ್ ಮಾಡಿದ್ದಕ್ಕೆ, ತನ್ನನ್ನು ಎಂಜಿನಿಯರ್ ಎಂದು ಕರೆದುಕೊಂಡದ್ದಕ್ಕೆ 500 ಡಾಲರ್ ದಂಡ ವಿಧಿಸಿತು! ಪತ್ನಿಯ ದಂಡ ಪ್ರಶ್ನಿಸಲು ಹೋದವರಿಗೆ ಎರಡನೇ ದಂಡ ಬಿದ್ದ ಈ ಪ್ರಸಂಗ ಕೋರ್ಟಿನ ಮೆಟ್ಟಿಲೇರಿತು. ಅವರ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆ ಎಂದು ರಾಜ್ಯವೇ ಒಪ್ಪಿ ದಂಡದ ಹಣ ಮರಳಿಸಿತು. 2018ರ ಡಿಸೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯ ಅವರ ಪರ ತೀರ್ಪು ನೀಡಿತು.

ಅದಕ್ಕಿಂತ ದೊಡ್ಡ ಗೆಲುವು ಬೇರೆ ಇತ್ತು. 1960ರ ಲೇಖನ ಬರೆದ ಮೂವರಲ್ಲಿ ಆಗ ಬದುಕಿದ್ದವರು ಮರಾಡುಡಿನ್ ಒಬ್ಬರೇ. ತಮ್ಮ ಸೂತ್ರವನ್ನು ತಿರುವಿನ ವಾಹನಗಳಿಗೆ ಅನ್ವಯಿಸುವುದು ಸರಿಯಲ್ಲವೆಂದು ಅವರು ಯಾರ್ಲ್‌ಸ್ಟ್ರಾಮ್ ಅವರ ಬೆಂಬಲಕ್ಕೆ ನಿಂತರು. 2020ರಲ್ಲಿ ಸಂಚಾರ ಎಂಜಿನಿಯರುಗಳ ಸಂಸ್ಥೆ ಐಟಿಇ ಪ್ರಕಟಿಸಿದ ಹೊಸ ಮಾರ್ಗಸೂಚಿಯಲ್ಲಿ, ವೇಗ ತಗ್ಗಿಸಿ ಸಾಗುವ ವಾಹನಗಳನ್ನೂ ಗಣನೆಗೆ ತೆಗೆದುಕೊಳ್ಳುವ ವಿಸ್ತೃತ ಸೂತ್ರ ಸೇರಿತು. ಅರವತ್ತು ವರ್ಷ ಯಾರೂ ಮುಟ್ಟದ ಲೆಕ್ಕ ಒಬ್ಬ ನಾಗರಿಕನ ಹಟದಿಂದ ತಿದ್ದುಪಡಿಗೊಂಡಿತು.

ಚೀನಾದ ಆರು ದಿನ

ಹಳದಿ ಇಷ್ಟು ತೊಡಕಿನದಾದರೆ, ಹಳದಿ ಕಂಡ ಕೂಡಲೇ ಎಲ್ಲರೂ ನಿಲ್ಲಲೇಬೇಕೆಂದು ಕಟ್ಟಪ್ಪಣೆ ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಚೀನಾ ಅದನ್ನೂ ಮಾಡಿ ನೋಡಿತು. 2013ರ ಜನವರಿ 1ರಿಂದ ಅಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಹಳದಿಯಲ್ಲಿ ನುಗ್ಗುವುದೂ ಕೆಂಪಿನಲ್ಲಿ ನುಗ್ಗಿದಂತೆಯೇ. ಚಾಲಕನ ಪರವಾನಗಿಗಿರುವ 12 ಅಂಕಗಳಲ್ಲಿ ಒಂದೇ ಏಟಿಗೆ ಆರು ಕಡಿತ.

ಪರಿಣಾಮ ತಕ್ಷಣ ಕಂಡಿತು. ಹಸಿರು ಇದ್ದಾಗಲೂ ಚಾಲಕರು ಹೆದರಿ ಹೆದರಿ ವೃತ್ತ ಸಮೀಪಿಸತೊಡಗಿದರು. ಹಳದಿ ಕಂಡೊಡನೆ ಗಕ್ಕನೆ ನಿಂತವರಿಗೆ ಹಿಂದಿನವರು ಗುದ್ದಿದ ದೂರುಗಳು ಬಂದವು. ಚಲಿಸುವ ವಸ್ತು ಚಲಿಸುತ್ತಲೇ ಇರುತ್ತದೆ ಎಂಬ ನ್ಯೂಟನ್ನನ ಮೊದಲ ನಿಯಮವನ್ನೇ ಸರ್ಕಾರ ರದ್ದು ಮಾಡಿದೆ ಎಂದು ಜನ ಲೇವಡಿ ಮಾಡಿದರು. ಜನವರಿ 6ರಂದು ಸಾರ್ವಜನಿಕ ಭದ್ರತಾ ಸಚಿವಾಲಯ, ಹಳದಿ ದಾಟಿದವರನ್ನು ದಂಡಿಸುವ ಬದಲು ಎಚ್ಚರಿಸಿ ತಿಳಿಹೇಳುವಂತೆ ಪೊಲೀಸರಿಗೆ ಸೂಚಿಸಿತು. ನಿಯಮದ ಬಿರುಸು ಒಂದು ವಾರವೂ ಬಾಳಲಿಲ್ಲ.

1968ರ ವಿಯೆನ್ನಾ ಒಪ್ಪಂದ ಈ ವಿಷಯದಲ್ಲಿ ಹೆಚ್ಚು ವಿವೇಕಯುತವಾಗಿದೆ. ಭಾರತವೂ ಸೇರಿರುವ ಈ ರಸ್ತೆ ಸಂಕೇತಗಳ ಒಪ್ಪಂದದ ಪ್ರಕಾರ ಹಳದಿ ಎಂದರೆ ನಿಲ್ಲಬೇಕು. ಆದರೆ ದೀಪ ಹೊತ್ತಿದಾಗ ಸುರಕ್ಷಿತವಾಗಿ ನಿಲ್ಲಲಾರದಷ್ಟು ಹತ್ತಿರ ಬಂದುಬಿಟ್ಟಿದ್ದರೆ ಮುಂದೆ ಸಾಗಬಹುದು. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ ಮಾತೂ ಹೆಚ್ಚುಕಡಿಮೆ ಇದೇ. ಅಲ್ಲಿಗೆ ಹಳದಿಯನ್ನು ‘ಬೇಗ ಹೋಗು’ ಎಂದು ಓದುವುದಕ್ಕೆ ಯಾವ ಕಾನೂನಿನಲ್ಲೂ ಆಧಾರವಿಲ್ಲ. ‘ಏನಾದರೂ ಸರಿ, ಇದ್ದಲ್ಲೇ ನಿಲ್ಲು’ ಎಂದು ಓದುವುದೂ ತಪ್ಪು.

ಒಂದು ಸೆಕೆಂಡಿನ ಬೆಲೆ

ಹಳದಿಯನ್ನು ಸ್ವಲ್ಪ ಉದ್ದ ಮಾಡಿದರೆ ಪ್ರಯೋಜನವಿದೆಯೇ? ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಮೊದಲು ಆಯ್ದ ಚೌಕಗಳಲ್ಲಿ ಹಳದಿಯ ಅವಧಿಯನ್ನು ಸುಮಾರು ಒಂದು ಸೆಕೆಂಡು ಹೆಚ್ಚಿಸಲಾಯಿತು. ಅಷ್ಟರಿಂದಲೇ ಕೆಂಪಿನಲ್ಲಿ ನುಗ್ಗುವುದು ಶೇ. 36ರಷ್ಟು ಇಳಿಯಿತು. ನಂತರ ಅಲ್ಲಿ ಕ್ಯಾಮೆರಾ ಬಂದು ದಂಡ ಆರಂಭವಾದಾಗ, ಉಳಿದಿದ್ದ ಉಲ್ಲಂಘನೆಗಳಲ್ಲಿ ಶೇ. 96ರಷ್ಟು ಕಡಿಮೆಯಾಯಿತು.

ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ನುಗ್ಗುವವರಲ್ಲಿ ಮೂರನೇ ಒಂದರಷ್ಟು ಮಂದಿ ಬೇಕೆಂದೇ ನುಗ್ಗುತ್ತಿರಲಿಲ್ಲ. ಸಮಯ ಸಾಲದೆ ಸಿಕ್ಕಿಬೀಳುತ್ತಿದ್ದರು. ಸಮಯ ಕೊಟ್ಟ ಮೇಲೂ ನುಗ್ಗುತ್ತಿದ್ದವರು ಮಾತ್ರ ತಿಳಿದೇ ನುಗ್ಗುತ್ತಿದ್ದರು, ದಂಡದ ಭಯಕ್ಕೆ ನಿಂತರು. ಯಾವುದು ಅಸಹಾಯಕತೆ, ಯಾವುದು ಉದ್ಧಟತನ ಎಂಬುದನ್ನು ಬೇರ್ಪಡಿಸುವ ಜರಡಿ ಎಂದರೆ ಸರಿಯಾದ ಅಳತೆಯ ಹಳದಿ. ಆ ಜರಡಿ ಹಿಡಿಯುವ ಮುನ್ನವೇ ದಂಡ ವಿಧಿಸತೊಡಗಿದರೆ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಅಂತಹ ಆತುರ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಷಿಕಾಗೊ ಸಾಕ್ಷಿ. ಆ ನಗರದ ಹಳದಿ ಕನಿಷ್ಠ ಮೂರು ಸೆಕೆಂಡು ಇರಬೇಕು. ವಿದ್ಯುತ್ ಏರಿಳಿತದಿಂದ ಒಂದಿಷ್ಟು ವ್ಯತ್ಯಾಸ ಸಹಜವೆಂದು, 2014ರಲ್ಲಿ 2.9 ಸೆಕೆಂಡಿನ ಹಳದಿಗೂ ದಂಡ ವಿಧಿಸಲು ಅಲ್ಲಿ ಅವಕಾಶ ನೀಡಲಾಯಿತು. ಕೇವಲ ಹತ್ತನೇ ಒಂದು ಸೆಕೆಂಡು! ಆದರೆ ಆ ಸಣ್ಣ ಸಡಿಲಿಕೆಯಿಂದ ಹೊರಬಿದ್ದ ದಂಡದ ಚೀಟಿಗಳು 77 ಸಾವಿರ, ಮೊತ್ತ ಸುಮಾರು 77 ಲಕ್ಷ ಡಾಲರ್ ಎಂದು ನಗರದ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ ಲೆಕ್ಕ ಹಾಕಿತು. ಬಳಿಕ ಆಡಳಿತ ಹಳೆಯ ಮೂರು ಸೆಕೆಂಡಿಗೆ ಮರಳಿತು.

ಹಾಗೆಂದು ಹಳದಿಯನ್ನು ಏಳೆಂಟು ಸೆಕೆಂಡಿಗೆ ಎಳೆಯುವಂತಿಲ್ಲ. ಅತಿ ಉದ್ದದ ಹಳದಿಯನ್ನು ಚಾಲಕರು ಬೇಗನೆ ಕಂಡುಕೊಂಡು ಹಸಿರಿನ ಬಾಲದಂತೆ ಬಳಸತೊಡಗುತ್ತಾರೆ. ಹಸಿರು ಮುಗಿಯುವ ಮುನ್ನ ಮಿಟುಕಿಸಿ ಎಚ್ಚರಿಸುವ ಪದ್ಧತಿ ಆಸ್ಟ್ರಿಯಾ, ಇಸ್ರೇಲ್ ಮೊದಲಾದ ದೇಶಗಳಲ್ಲಿದೆ. ಒಳ್ಳೆಯ ಉದ್ದೇಶದ ಆ ಎಚ್ಚರಿಕೆ ಹಿಂಬದಿ ಡಿಕ್ಕಿಗಳನ್ನು ಹೆಚ್ಚಿಸುವ ಸಾಧ್ಯತೆಯನ್ನು ಇಸ್ರೇಲ್‌ನಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನ ತೋರಿಸಿತು. ಮುಂದಿನವನು ನಿಲ್ಲಲು, ಹಿಂದಿನವನು ಓಡಲು ನಿರ್ಧರಿಸುವ ರಸ್ತೆಯ ಉದ್ದ ಅದರಿಂದ ಹಿಗ್ಗುತ್ತದೆ ಎಂಬುದೇ ಕಾರಣ.

ರಾಜ್ಯದ ನಗರಗಳ ವೃತ್ತಗಳಲ್ಲಿ ತೂಗುಹಾಕಿರುವ ಸೆಕೆಂಡು ಎಣಿಸುವ ಫಲಕಗಳನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಕೆಂಪಿನಲ್ಲಿ ಕಾಯುವವನಿಗೆ ಅವು ಸಮಾಧಾನ ಕೊಡುತ್ತವೆ, ಎಂಜಿನ್ ಆರಿಸಲು ನೆರವಾಗುತ್ತವೆ. ಆದರೆ ಹಸಿರಿನಲ್ಲಿ ‘5, 4, 3’ ಎಂದು ಎಣಿಕೆ ಇಳಿಯುತ್ತಿದ್ದರೆ ನೂರು ಮೀಟರ್ ದೂರದಲ್ಲಿರುವವನಿಗೆ ಅದು ಓಟದ ಪಂದ್ಯದ ಗಡಿಯಾರವಾಗುತ್ತದೆ. ಅದೇ ಹೊತ್ತಿಗೆ ಅಡ್ಡರಸ್ತೆಯ ಕೆಂಪಿನಲ್ಲೂ ‘3, 2, 1’ ನಡೆದಿರುತ್ತದೆ. ಅಲ್ಲಿನವರು ‘2’ ಕಂಡಾಗಲೇ ಕ್ಲಚ್ ಬಿಟ್ಟಿರುತ್ತಾರೆ. ಕೊನೆಯ ಕ್ಷಣದಲ್ಲಿ ನುಗ್ಗಿದವನೂ ಮೊದಲ ಕ್ಷಣಕ್ಕೆ ಮುನ್ನವೇ ಹೊರಟವನೂ ವೃತ್ತದ ನಡುಮಧ್ಯೆ ಸಂಧಿಸುವುದು ಹೀಗೆ. ವಾಹನ ದಟ್ಟಣೆ ನೋಡಿ ಹಸಿರಿನ ಅವಧಿಯನ್ನು ತಾನೇ ಹಿಗ್ಗಿಸಿ ಕುಗ್ಗಿಸುವ ಹೊಸ ಬಗೆಯ ಸಿಗ್ನಲ್‌ಗಳಲ್ಲಿ ಉಳಿದ ಸೆಕೆಂಡುಗಳನ್ನು ಬಹಳ ಮುಂಚೆ ಹೇಳಲು ಬಾರದು. ಅನೇಕರಿಗೆ ಇದು ಅನನುಕೂಲವೆನಿಸಬಹುದು. ಸುರಕ್ಷತೆಯ ದೃಷ್ಟಿಯಿಂದ ಅದು ನಷ್ಟವೇನಲ್ಲ.

ಈ ಸಂಧಿಯನ್ನು ತಪ್ಪಿಸಲೆಂದೇ ಎಂಜಿನಿಯರುಗಳು ಇನ್ನೊಂದು ಉಪಾಯ ಇಟ್ಟುಕೊಂಡಿದ್ದಾರೆ. ಒಂದು ದಿಕ್ಕಿನ ಹಳದಿ ಮುಗಿದ ಬಳಿಕ ಒಂದೆರಡು ಸೆಕೆಂಡು ಎಲ್ಲ ದಿಕ್ಕುಗಳಿಗೂ ಕೆಂಪು ತೋರಿಸುವುದೇ ಅದು. ಹಳದಿಯ ಕೊನೆಗೆ ನ್ಯಾಯವಾಗಿ ಒಳಬಂದ ವಾಹನ ವೃತ್ತ ಖಾಲಿ ಮಾಡಲು ಇದು ಅವಕಾಶ. 30 ಮೀಟರ್ ಅಗಲದ ವೃತ್ತವನ್ನು 12 ಮೀಟರ್ ಉದ್ದದ ಬಸ್ಸು 40 ಕಿ.ಮೀ. ವೇಗದಲ್ಲಿ ಪೂರ್ತಿ ದಾಟಲು ಮೂರೂಮುಕ್ಕಾಲು ಸೆಕೆಂಡು ಬೇಕು. ಆದ್ದರಿಂದ ವೃತ್ತ ದೊಡ್ಡದಾದಷ್ಟೂ ಈ ಸರ್ವಕೆಂಪು ಅವಧಿ ಹೆಚ್ಚಬೇಕು. ಆದರೆ ಕಾಯುವವರಿಗೆ ಇದು ವ್ಯರ್ಥ ಸಮಯವಾಗಿ ಕಾಣುತ್ತದೆ. ಖಾಲಿ ವೃತ್ತವನ್ನು ನೋಡುತ್ತ ಎರಡು ಸೆಕೆಂಡು ನಿಲ್ಲುವ ತಾಳ್ಮೆ ಇರುವ ಸವಾರರು ವಿರಳ.

ಕ್ಯಾಮೆರಾ ಬಂದ ಮೇಲೆ

ಇದುವರೆಗೆ ಹಳದಿಯ ಚರ್ಚೆ ವಿದೇಶದ್ದೆಂದು ಕಡೆಗಣಿಸಬಹುದಿತ್ತು. ವೃತ್ತದಲ್ಲಿ ನಿಂತ ಸಂಚಾರ ಪೊಲೀಸನಿಗೆ ಕಣ್ಣಿದೆ, ವಿವೇಚನೆ ಇದೆ. ಬಸ್ಸಿನ ಹಿಂಚಕ್ರ ಗೆರೆ ದಾಟುವಾಗ ಕೆಂಪು ಬಂದರೆ ಅವನು ಕೈಬೀಸಿ ಕಳಿಸುತ್ತಾನೆ. ಕ್ಯಾಮೆರಾಕ್ಕೆ ಆ ವಿವೇಚನೆ ಇಲ್ಲ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡ ಐಟಿಎಂಎಸ್ ವ್ಯವಸ್ಥೆ, 50 ಜಂಕ್ಷನ್‌ಗಳಲ್ಲಿ ಸಿಗ್ನಲ್ ಉಲ್ಲಂಘನೆ ಗುರುತಿಸುವ 80 ಕ್ಯಾಮೆರಾಗಳನ್ನೂ ಒಳಗೊಂಡಿತ್ತು. ಉಲ್ಲಂಘನೆ ಕಂಡರೆ ನೋಟಿಸ್ ನೇರವಾಗಿ ಮಾಲೀಕನ ಮೊಬೈಲ್‌ಗೆ ಬರುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, ಕೆಂಪು ದೀಪ ದಾಟುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿಸಿದೆ.

ಹೀಗೆ ಯಂತ್ರ ತೀರ್ಪು ಕೊಡುವಾಗ ಯಂತ್ರದ ಅಳತೆಯೂ ನಿಖರವಾಗಿರಬೇಕೆಂದು ಕೇಳುವುದು ನ್ಯಾಯವೇ. ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ನಿಯಮಗಳು, ಕ್ಯಾಮೆರಾ ಆಧರಿಸಿದ ನೋಟಿಸನ್ನು 15 ದಿನಗಳೊಳಗೆ ಕಳುಹಿಸಬೇಕು, ಸ್ಪಷ್ಟ ಚಿತ್ರ, ದಿನಾಂಕ, ಸಮಯ, ಸ್ಥಳದ ವಿವರ ಇರಬೇಕು ಎಂದವು. ಅದೇ ಚೀಟಿಯಲ್ಲಿ ‘ಈ ಕಂಬದ ಹಳದಿ ಇಷ್ಟು ಸೆಕೆಂಡು, ಕೆಂಪು ಬಂದ ಇಷ್ಟು ಸೆಕೆಂಡಿನ ಬಳಿಕ ವಾಹನ ಗೆರೆ ದಾಟಿದೆ’ ಎಂದೂ ಒಂದು ಸಾಲು ಮುದ್ರಿಸುವುದು ಕಷ್ಟದ ಕೆಲಸವಲ್ಲ. ಕೆಂಪು ಬಂದ ಕಾಲು ಸೆಕೆಂಡಿಗೆ ದಾಟಿದವನೂ ನಾಲ್ಕು ಸೆಕೆಂಡಿಗೆ ನುಗ್ಗಿದವನೂ ಒಂದೇ ಅಲ್ಲ. ಮೊದಲನೆಯವನು ಸಂದಿಗ್ಧ ವಲಯದಲ್ಲಿ ಸಿಕ್ಕಿದ್ದಿರಬಹುದು. ಎರಡನೆಯವನ ಪರವಾಗಿ ಯಾವ ಸೂತ್ರವೂ ಸಾಕ್ಷಿ ಹೇಳದು.

ಏಕೆಂದರೆ ಅವನ ಎದುರಿಗೆ ಯಾರಿದ್ದಾರೆ ಎಂಬುದೇ ಇಲ್ಲಿ ಮುಖ್ಯ. ಹಿಂಬದಿ ಡಿಕ್ಕಿಯಲ್ಲಿ ಬಂಪರ್ ಜಜ್ಜುತ್ತದೆ, ಕುತ್ತಿಗೆ ಉಳುಕುತ್ತದೆ. ವೃತ್ತದ ನಡುವಿನ ಡಿಕ್ಕಿ ಪಕ್ಕದಿಂದ ಬರುತ್ತದೆ. ಕಾರಿನ ಮುಂಭಾಗದಲ್ಲಿ ಎಂಜಿನ್ ಇದೆ, ಹಿಂಭಾಗದಲ್ಲಿ ಡಿಕ್ಕಿ ಇದೆ. ಪಕ್ಕದಲ್ಲಿರುವುದು ಒಂದು ಬಾಗಿಲು ಮಾತ್ರ. ಸ್ಕೂಟರಿಗೆ ಅದೂ ಇಲ್ಲ. ಅಮೆರಿಕದಲ್ಲಿ 2022ರಲ್ಲಿ ಕೆಂಪು ದೀಪ ದಾಟಿದ ಅಪಘಾತಗಳಲ್ಲಿ 1,149 ಮಂದಿ ಸತ್ತರು. ಅಂತಹ ಸಾವುಗಳಲ್ಲಿ ಸುಮಾರು ಅರ್ಧದಷ್ಟು ದೀಪ ಉಲ್ಲಂಘಿಸಿದವರದಲ್ಲ. ಪಾದಚಾರಿಗಳು, ಸೈಕಲ್ ಸವಾರರು, ಎದುರಿನ ವಾಹನದಲ್ಲಿದ್ದವರದು ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಹೇಳುತ್ತದೆ. ಭಾರತದಲ್ಲಿ ಅದೇ ವರ್ಷ ರಸ್ತೆ ಅಪಘಾತಗಳಲ್ಲಿ ಒಟ್ಟು 1,68,491 ಜನ ಪ್ರಾಣ ಕಳೆದುಕೊಂಡರು.

ರಾತ್ರಿಯ ಹಳದಿ ಬೇರೆಯೇ ಕಥೆ. ವಾಹನ ವಿರಳವಾದ ಮೇಲೆ ಅನೇಕ ಸಿಗ್ನಲ್‌ಗಳನ್ನು ಮಿಟುಕುವ ಹಳದಿಗೆ ಬದಲಿಸಲಾಗುತ್ತದೆ. ವೇಗ ತಗ್ಗಿಸಿ, ಎರಡೂ ಕಡೆ ನೋಡಿ, ಎಚ್ಚರದಿಂದ ದಾಟಿ ಎಂಬುದು ಅದರ ಅರ್ಥ. ಆದರೆ ನಾಲ್ಕೂ ದಿಕ್ಕಿಗೆ ಹಳದಿ ಮಿಟುಕುವಾಗ ಪ್ರತಿಯೊಬ್ಬನೂ ಮತ್ತೊಬ್ಬ ನಿಧಾನಿಸುತ್ತಾನೆಂದು ಭಾವಿಸುತ್ತಾನೆ. ಖಾಲಿ ರಸ್ತೆ, 70-80 ಕಿ.ಮೀ. ವೇಗ, ಕಟ್ಟಡದ ಮರೆಯ ಅಡ್ಡರಸ್ತೆ ಒಂದಾದಾಗ ಏನಾಗುತ್ತದೆಂದು ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗದವರು ಬಲ್ಲರು.

ಚಾಲಕನ ಕೈಯಲ್ಲಿರುವುದು ಹಳದಿ ಹೊತ್ತಿದ ಮೇಲಿನ ನಿರ್ಧಾರಕ್ಕಿಂತ ಅದಕ್ಕೆ ಮುಂಚಿನ ವೇಗ. ಬಹಳ ಹೊತ್ತಿನಿಂದ ಹಸಿರಾಗಿರುವ ದೀಪ ದೂರದಿಂದ ಕಂಡರೆ ಅದು ಬದಲಾಗುವ ಹೊತ್ತು ಹತ್ತಿರವಾಗಿದೆ ಎಂದೇ ಅರ್ಥ. ಅಲ್ಲಿಯೇ ಆಕ್ಸಿಲರೇಟರಿನಿಂದ ಕಾಲೆತ್ತಿ ಬ್ರೇಕಿನ ಮೇಲೆ ಇರಿಸಿದರೆ ಪ್ರತಿಕ್ರಿಯೆಯ ಒಂದು ಸೆಕೆಂಡಿನಲ್ಲಿ ಒಂದಿಷ್ಟು ಉಳಿಯುತ್ತದೆ. ವೇಗ 60ರಿಂದ 40ಕ್ಕೆ ಇಳಿದರೆ ನಿಲ್ಲಲು ಬೇಕಾದ ದೂರ ಅರ್ಧವಾಗುತ್ತದೆ. ಕನ್ನಡಿಯಲ್ಲಿ ಹಿಂದಿನ ವಾಹನವನ್ನು ನೋಡಬೇಕಾದದ್ದೂ ಆಗಲೇ. ಹಳದಿ ಬಂದ ಮೇಲೆ ನೋಡಲು ಸಮಯವಿರದು.

ಹಳದಿಯ ಅವಧಿ ಸರಿಯಿದೆಯೇ ಎಂದು ಯಾರು ಬೇಕಾದರೂ ಪರಿಶೀಲಿಸಬಹುದು. ಸಮತಟ್ಟಾದ ರಸ್ತೆಗೆ ಲೆಕ್ಕ ಸುಲಭ: ಆ ರಸ್ತೆಯಲ್ಲಿ ವಾಹನಗಳು ಸಾಗುವ ವೇಗವನ್ನು ಕಿಲೋಮೀಟರ್‌ನಲ್ಲಿ ತೆಗೆದುಕೊಂಡು 22ರಿಂದ ಭಾಗಿಸಿ ಒಂದನ್ನು ಕೂಡಿಸಬೇಕು. 40 ಕಿ.ಮೀ.ಗೆ 2.8 ಸೆಕೆಂಡು ಬರುತ್ತದೆ, 50ಕ್ಕೆ 3.3, 60ಕ್ಕೆ 3.7, 80ಕ್ಕೆ 4.6. ಇದು ನೇರ ಸಾಗುವ ಕಾರಿನ ಅಳತೆ. ಬಸ್ಸಿಗೂ, ತಿರುಗುವ ವಾಹನಕ್ಕೂ ಇನ್ನಷ್ಟು ಬೇಕು. ಬಳಿಕ ಫುಟ್‌ಪಾತಿನ ಮೇಲೆ ನಿಂತು ಮೊಬೈಲ್‌ನಲ್ಲಿ ದೀಪದ ವಿಡಿಯೊ ತೆಗೆದು, ಹಳದಿ ಹೊತ್ತಿದ ಕ್ಷಣದಿಂದ ಕೆಂಪು ಹೊತ್ತುವ ಕ್ಷಣದವರೆಗೆ ಎಷ್ಟು ಹೊತ್ತಾಯಿತೆಂದು ನೋಡಿದರೆ ಸಾಕು. ಎರಡು ಅಂಕಿಗಳ ನಡುವೆ ಅಂತರ ಕಂಡರೆ ಅದನ್ನು ದಿನಾಂಕ, ಸಮಯ, ವೃತ್ತದ ಹೆಸರಿನೊಂದಿಗೆ ಬರೆದು ಸಂಚಾರ ಪೊಲೀಸರಿಗೆ ಸಲ್ಲಿಸಬಹುದು.